ಪಾತ್ರಗಳೆಲ್ಲ ನನ್ನಂತೆಯೇ ಏಕೆ ಮಾತನಾಡುತ್ತವೆ?

ಪ್ರಶ್ನೆ: ನಾನು ಬರೆಯುವ ಕಥೆಗಳ ಪಾತ್ರಗಳು ಒಂದೋ ನನ್ನಂತೆಯೇ ಮಾತನಾಡುತ್ತವೆ, ಇಲ್ಲವೇ ಪರಿಚಿತರೊಬ್ಬರ ಪಡಿಯಚ್ಚಾಗುತ್ತವೆ. ಹತ್ತಿರದವರನ್ನೇ ಸರಿಯಾಗಿ ಅರ್ಥಮಾಡಿಕೊಳ್ಳಲಾಗದ ನಾನು ಸ್ವಂತ ಪಾತ್ರಗಳನ್ನು ಸೃಷ್ಟಿಸಬಲ್ಲೆನೇ?

ಉತ್ತರ: ಖಂಡಿತ ಸೃಷ್ಟಿಸಬಲ್ಲಿರಿ, ಪೂರ್ತಿ ಅರ್ಥವಾಗದ ಮನುಷ್ಯರೇ ಕಥೆಗಾರರಿಗೆ ಹೆಚ್ಚು ಒದಗುತ್ತಾರೆ ಎಂಬುದು ನನ್ನ ನಂಬಿಕೆ. ನಾವು ತಡವಾಗಿ ಬಂದರೆ ಸಂದರ್ಭವನ್ನು ಕಾರಣವಾಗಿ ಹೇಳುತ್ತೇವೆ, ಬೇರೆಯವರು ತಡವಾಗಿ ಬಂದರೆ ಅದನ್ನು ಅವರ ಸ್ವಭಾವವೆಂದುಬಿಡುತ್ತೇವೆ. ಇತರರ ನಡತೆಯಲ್ಲಿ ಸನ್ನಿವೇಶದ ಪಾಲನ್ನು ಕಡೆಗಣಿಸಿ ಎಲ್ಲವನ್ನೂ ಸ್ವಭಾವಕ್ಕೇ ಹೊರಿಸುವ ಈ ಒಲವನ್ನು ಮನೋವಿಜ್ಞಾನಿ ಲೀ ರಾಸ್ 1977ರಲ್ಲಿ ‘ಮೂಲಭೂತ ಆರೋಪಣ ದೋಷ’ ಎಂದು ಕರೆದರು. ಪಾತ್ರಗಳು ಬರಿಯ ‘ಜಿಪುಣ’, ‘ಕೋಪಿಷ್ಠೆ’ ಆಗಿ ಸೊರಗುವುದೂ ಬಹುಮಟ್ಟಿಗೆ ಇದರಿಂದಲೇ. ಆದ್ದರಿಂದ ಗುಣವಿಶೇಷಣದಿಂದ ಆರಂಭಿಸದೆ, ನಿಮ್ಮ ಕಥೆಯ ಹೆಣ್ಣು ಪಾತ್ರವೊಂದನ್ನು ತೆಗೆದುಕೊಂಡು, ಆಕೆಗೆ ಏನು ಬೇಕು, ಯಾವುದನ್ನು ಕಳೆದುಕೊಳ್ಳಲು ಹೆದರುತ್ತಾಳೆ, ಯಾರ ಮುಂದೆ ಸುಳ್ಳು ಹೇಳುತ್ತಾಳೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಒಬ್ಬರ ನಡಿಗೆ, ಇನ್ನೊಬ್ಬರ ಭಯ, ನಿಮ್ಮದೇ ಹಳೆಯ ಅಸೂಯೆ ಬೆರೆತಾಗ ಪಡಿಯಚ್ಚು ತಾನಾಗಿ ಒಡೆಯುತ್ತದೆ.

ಇಂಥ ಬರವಣಿಗೆ ಹತ್ತಿರದವರನ್ನು ಅರ್ಥಮಾಡಿಸಿಬಿಡುತ್ತದೆಂದು ನಾನು ಭರವಸೆ ಕೊಡಲಾರೆ. ಅವರ ವಿಷಯದಲ್ಲಿ ಊಹಿಸುವುದಕ್ಕಿಂತ ಅವರನ್ನೇ ಕೇಳುವುದು ಮೇಲು. ಪಾತ್ರದ ವಿಷಯದಲ್ಲಿ ಮಾತ್ರ ಧೈರ್ಯವಾಗಿ ಊಹಿಸಿ. ನಿಮಗೆ ಸಂಪೂರ್ಣ ತಪ್ಪೆನಿಸುವ ನಿರ್ಧಾರವೊಂದನ್ನು ಆಕೆ ಕೈಗೊಳ್ಳಲಿ. ಅದನ್ನು ಆಕೆಯದೇ ಮಾತಿನಲ್ಲಿ, ನಿಮ್ಮ ತೀರ್ಪನ್ನು ಎಲ್ಲಿಯೂ ನುಸುಳಗೊಡದೆ, ಒಂದು ಪುಟದಷ್ಟು ಸಮರ್ಥಿಸಿ ಬರೆಯಿರಿ. ಆ ಪುಟ ಕಥೆಯೊಳಗೆ ಬರಲೇಬೇಕೆಂದೇನೂ ಇಲ್ಲ.