ಕಂಪ್ಯೂಟರ್ ಸೈನ್ಸ್ ಪಾಠಕ್ಕೆ ಪೆನ್ ಇರುವ ಟ್ಯಾಬ್ಲೆಟ್‌ನಿಂದ ನಿಜವಾಗಿ ಉಪಯೋಗ ಇದೆಯಾ?

ಖಂಡಿತ ಇದೆ, ಆದರೆ ಸುಮ್ನೆ ಸ್ಲೈಡ್ ಮೇಲೆ ಗೀಚುವುದಕ್ಕಲ್ಲ. ಡೇಟಾ ಜೋಡಿಸುವ ಟ್ರೀ, ಗ್ರಾಫ್, ಡೇಟಾ ಎಲ್ಲಿದೆ ಅಂತ ತೋರಿಸುವ ಪಾಯಿಂಟರ್ ಬಾಣ ಎಲ್ಲಾ ಚಿತ್ರಗಳೇ ಅಲ್ವಾ, ಅವನ್ನು ಕೀಬೋರ್ಡ್‌ನಲ್ಲಿ ಬಿಡಿಸುವುದು ಕಷ್ಟ. ಬೈನರಿ ಸರ್ಚ್ ಟ್ರೀಗೆ (ಚಿಕ್ಕ ಸಂಖ್ಯೆ ಎಡಕ್ಕೆ, ದೊಡ್ಡದು ಬಲಕ್ಕೆ ಹೋಗುವ ಮರದಂಥ ರಚನೆ) 50, 30, 70 ಹಾಕಿ, ಈಗ 40 ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ಎಲ್ಲರೂ ತಮ್ಮ ಟ್ಯಾಬ್ಲೆಟ್‌ನಲ್ಲಿ ಬಿಡಿಸಿ ಕಳಿಸಲಿ. ಯಾರಾದರೂ 70ರ ಎಡಕ್ಕೆ ಹಾಕಿದ್ದರೆ ಆ ಚಿತ್ರವನ್ನೇ ಹೆಸರಿಲ್ಲದೆ ಪರದೆ ಮೇಲೆ ತೋರಿಸಿ, ಮೇಲಿನಿಂದ ಪೆನ್ನಿನಲ್ಲಿ ದಾರಿ ಎಳೆಯಿರಿ: 50ಕ್ಕಿಂತ ಚಿಕ್ಕದು, ಎಡಕ್ಕೆ, 30ಕ್ಕಿಂತ ದೊಡ್ಡದು, ಬಲಕ್ಕೆ. ಈ ಎರಡು ನಿಮಿಷಕ್ಕೆ ಬೆಲೆ ಜಾಸ್ತಿ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಕ್ಲಾಸ್‌ರೂಮ್ ಪ್ರೆಸೆಂಟರ್ ಎಂಬ ಟ್ಯಾಬ್ಲೆಟ್ ಪಾಠದ ಸಾಫ್ಟ್‌ವೇರ್‌ನಲ್ಲೂ ಹೀಗೇ ಮಾಡಬಹುದಿತ್ತು. ಟ್ಯಾಬ್ಲೆಟ್ ಕಡಿಮೆ ಇದ್ದರೆ ಇಬ್ಬರಿಗೊಂದು ಕೊಡಿ, ಚರ್ಚೆ ಮಾಡಿಕೊಂಡೇ ಬಿಡಿಸುತ್ತಾರೆ. ಕೋಡ್ ಬರೆಸುವುದಕ್ಕೆ ಮಾತ್ರ ಕೀಬೋರ್ಡೇ ಸರಿ.