ಬಿಲ್ಲೆ, ಶರ್ಯತ್ತು, ಮತ್ತೆ ಅಜ್ಜನ ಸೈಕಲ್ಲು

ಪ್ರಶ್ನೆ: ಅಜ್ಜನ ಟ್ರಂಕಿನಲ್ಲಿ ಒಂದು ತಗಡಿನ ಬಿಲ್ಲೆ ಸಿಕ್ಕಿತು. ಅದರ ಮೇಲೆ ನಂಬರು, ವರ್ಷ ಇದೆ. ಅದು ಸೈಕಲ್ಲಿನದು ಅಂತಾಳೆ ಅಜ್ಜಿ. ಸೈಕಲ್ಲಿಗೂ ನಂಬರು ಇತ್ತೇನ್ರಿ?
– ಓದುಗರೊಬ್ಬರು, ತಾಳಿಕೋಟೆ

ಇತ್ರಿ. ಅಜ್ಜಿ ಹೇಳಿದ್ದು ಖರೇನೇ. ಆಗ ಮುನ್ಸಿಪಾಲಿಟಿಯವರು ಸೈಕಲ್ಲಿಗೂ ತೆರಿಗೆ ಹಾಕುತ್ತಿದ್ದರು. ದುಡ್ಡು ಕಟ್ಟಿದವರಿಗೆ ಬಿಲ್ಲೆ ಸಿಗುತ್ತಿತ್ತು. ಬಿಲ್ಲೆ ಇಲ್ಲದೆ ಸಿಕ್ಕಿಬಿದ್ದರೆ ದಂಡ. ರಾತ್ರಿ ದೀಪ ಇಲ್ಲದಿದ್ದರೂ ದಂಡ, ಡಬಲ್ ಸೀಟಿಗೂ ದಂಡ. ಮೊದಮೊದಲು ಸೀಮೆಎಣ್ಣೆ ದೀಪ, ಆಮೇಲೆ ಡೈನಮೋ ಬಂತು. ಡೈನಮೋ ಟಯರಿಗೆ ಒತ್ತಿಕೊಂಡರೆ ಪೆಡಲು ಭಾರ ಆಗುತ್ತದೆ. ಅದಕ್ಕೆ ನಾವು ಕತ್ತಲಲ್ಲೇ ತುಳಿದು, ಪೊಲೀಸರು ನಿಲ್ಲುವ ಚೌಕ ಬಂದಾಗ ಮಾತ್ರ ಅದನ್ನು ತಿರುಗಿಸುತ್ತಿದ್ದೆವು. ಆ ಬಿಲ್ಲೆ ಗುಜರಿಗೆ ಹಾಕಬೇಡಿ.

ಪ್ರಶ್ನೆ: ಸೈಕ್ಲಿಂಗ್ ಅಂದರೆ ಸಾಕು, ವಿಜಯಪುರ–ಬಾಗಲಕೋಟೆ ಹುಡುಗರು ಅಂತಾರೆ. ಯಾಕೆ ಹೀಗೆ? ನಮ್ಮಲ್ಲಿ ದೊಡ್ಡ ಕ್ಲಬ್ ಇಲ್ಲ, ದೊಡ್ಡ ದುಡ್ಡೂ ಇಲ್ಲ.
– ಕಾಲೇಜು ವಿದ್ಯಾರ್ಥಿ, ಜಮಖಂಡಿ

ತಮ್ಮಾ, ಇದಕ್ಕೆ ಎಲ್ಲರೂ ಕೊಡುವ ಉತ್ತರ ಸ್ಪೋರ್ಟ್ಸ್ ಹಾಸ್ಟೆಲ್. ತಪ್ಪಲ್ಲ. ವಿಜಯಪುರ, ಬಾಗಲಕೋಟೆ ಎರಡೂ ಕಡೆ ಕ್ರೀಡಾ ಇಲಾಖೆಯ ಹಾಸ್ಟೆಲ್‌ನಲ್ಲಿ ಸೈಕ್ಲಿಂಗ್ ಕಲಿಸುತ್ತಾರೆ, ಅತ್ತ ಬೆಳಗಾವಿ ಜಿಲ್ಲೆ ರಾಮದುರ್ಗ ತಾಲೂಕಿನ ಚಂದರಗಿ ಕ್ರೀಡಾ ಶಾಲೆಯಲ್ಲೂ ಕಲಿಸುತ್ತಾರೆ. ಆದರೆ ಆ ಹಾಸ್ಟೆಲ್ಲಿಗೆ ಬರುವ ಹುಡುಗನ ಕಾಲು ಅಲ್ಲಿಗೆ ಬರುವ ಮೊದಲೇ ತಯಾರಾಗಿರುತ್ತದೆ. ಅದು ತಯಾರಾಗುವುದು ಹಾಲಿನ ಕ್ಯಾನು, ಹಿಟ್ಟಿನ ಗಿರಣಿಯ ಜೋಳ, ಮೇವಿನ ಹೊರೆ ಹೊತ್ತ ಕ್ಯಾರಿಯರ್ ಸೈಕಲ್ ಮೇಲೆ. ಇಲ್ಲಿ ಏರು ಕಡಿಮೆ, ಗಾಳಿ ಜಾಸ್ತಿ. ಆಷಾಢದಲ್ಲಿ ಸಿಂದಗಿ ಕಡೆಯಿಂದ ವಿಜಯಪುರಕ್ಕೆ ಗಾಳಿಗೆ ಎದುರಾಗಿ ತುಳಿದು ನೋಡು, ಮರ ಇಲ್ಲ, ಮರೆ ಇಲ್ಲ, ಗುಡ್ಡ ಹತ್ತಿದಂಗೇ ಇರುತ್ತದೆ. ಮಳೆ ಬಂದರಂತೂ ಎರಿ ಮಣ್ಣು ಮಡ್‌ಗಾರ್ಡಿನ ಒಳಗೆ ತುಂಬಿ ಗಾಲಿ ತಿರುಗುವುದೇ ಇಲ್ಲ. ಕಡ್ಡಿಯಿಂದ ಕೆತ್ತುತ್ತೀವಿ, ಹತ್ತು ಹೆಜ್ಜೆಗೆ ಮತ್ತೆ ತುಂಬುತ್ತದೆ, ಕಡೆಗೆ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತುಕೊಂಡು ಮನೆಗೆ.

ಇನ್ನು ಜಾತ್ರೆ. ನಮ್ಮ ಕಡೆ ಜಾತ್ರೆಯಲ್ಲಿ ಎತ್ತಿನ ಬಂಡಿ ಶರ್ಯತ್ತು, ಅಂದರೆ ಪಂದ್ಯ, ಇದ್ದಂತೆ ಸೈಕಲ್ ಶರ್ಯತ್ತೂ ಇರುತ್ತಿತ್ತು. ರೇಸ್ ಸೈಕಲ್ ಯಾರ ಹತ್ತಿರ ಇತ್ತು? ಹಿಂದಿನ ದಿನ ಮಡ್‌ಗಾರ್ಡು, ಕ್ಯಾರಿಯರ್, ಚೈನ್ ಕವರ್, ಸ್ಟ್ಯಾಂಡು ಎಲ್ಲ ಬಿಚ್ಚಿಟ್ಟರೆ ಅದೇ ರೇಸ್ ಸೈಕಲ್. ನಾನೂ ಒಂದು ಸಲ ನಿಂತಿದ್ದೆ, ಪೈಜಾಮ ಚೈನಿಗೆ ಸಿಗದಿರಲಿ ಅಂತ ಪಾದದ ಹತ್ತಿರ ಸುತಳಿ ಕಟ್ಟಿಕೊಂಡು. ಅರ್ಧ ದಾರಿಗೇ ಜಾಲಿಮುಳ್ಳು ಚುಚ್ಚಿ ಪಂಕ್ಚರ್. ಗೆದ್ದವನು ದಿನಾ ಮುಂಜಾನೆ ಹಾಲು ಹಾಕುತ್ತಿದ್ದ ಹುಡುಗ, ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಲೆಕ್ಕ ಹಾಕು. ಹಳೆ ಸೈಕಲ್ಲಿನಲ್ಲಿ ಚೈನು ಕೂರುವ ಹಲ್ಲಿನ ಚಕ್ರಕ್ಕೆ ಸಾಮಾನ್ಯವಾಗಿ ಮುಂದೆ 44 ಹಲ್ಲು, ಹಿಂದೆ 18. ಪೆಡಲು ಒಂದು ಸುತ್ತು ತಿರುಗಿದರೆ ಸುಮಾರು 5.4 ಮೀಟರ್ ಹೋಗುತ್ತದೆ. ರೇಸ್ ಸೈಕಲ್ಲಿಗೆ ಮುಂದೆ 53, ಹಿಂದೆ 11 ಹಾಕಿದರೆ 10 ಮೀಟರ್ ದಾಟುತ್ತದೆ. ತೂಕವೂ ಅಷ್ಟೇ, ಅಂತರರಾಷ್ಟ್ರೀಯ ರೇಸಿನಲ್ಲಿ 6.8 ಕೆಜಿಗಿಂತ ಹಗುರ ಇರಬಾರದು ಅಂತ ನಿಯಮವೇ ಇದೆ, ನಮ್ಮ ಹಾಲಿನ ಸೈಕಲ್ಲು ಕ್ಯಾನು ಇಲ್ಲದೇ 20 ಕೆಜಿ ಹತ್ತಿರ. ಅದನ್ನು ತುಳಿದವನಿಗೆ ಇದನ್ನು ಕೊಟ್ಟರೆ ಏನಾಗುತ್ತದೆ ಹೇಳು! ತೊಂದರೆ ಇರುವುದು ಕೊಡುವುದರಲ್ಲೇ. ಒಳ್ಳೇ ರೇಸ್ ಸೈಕಲ್ಲಿಗೆ ಲಕ್ಷಗಟ್ಟಲೆ ಬೇಕು, ಅಪ್ಪನ ಹತ್ತಿರ ಇರುವುದು ಎರಡೆಕರೆ ಒಣಬೇಸಾಯ. ಪ್ರತಿಭೆಗೆ ಬರ ಇಲ್ಲ, ಸೈಕಲ್ಲಿಗೇ ಬರ.

ಪ್ರಶ್ನೆ: ಅಪ್ಪನ ಅಟ್ಲಾಸ್ ಸೈಕಲ್ ಹಿತ್ತಲಲ್ಲಿ ತುಕ್ಕು ಹಿಡಿದಿದೆ. ರಿಪೇರಿ ಮಾಡಿಸಲೋ, ಮಾರಲೋ?
– ಗೃಹಿಣಿ, ಮುದ್ದೇಬಿಹಾಳ

ಮಾರಬೇಡಿ ಅಕ್ಕಾವ್ರೇ. ಅಟ್ಲಾಸ್‌ನವರ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ಕ್ಕೆ ನಿಂತಿತು, ಅದೂ ವಿಶ್ವ ಸೈಕಲ್ ದಿನವೇ. ಗುಜರಿಯವನು ಬರೀ ಕಬ್ಬಿಣದ ತೂಕಕ್ಕೆ ರೊಕ್ಕ ಕೊಡುತ್ತಾನೆ. ಮೊದಲು ಫ್ರೇಮಿನ ಬೆಸುಗೆ ಬಿಟ್ಟಿದೆಯಾ ನೋಡಿ, ಬಿಟ್ಟಿಲ್ಲ ಅಂದರೆ ಉಳಿದದ್ದೆಲ್ಲ ಬದಲಿಸಬಹುದು. ಸ್ಪೋಕ್ ಕಡ್ಡಿ ಬೆರಳಲ್ಲಿ ಮೀಟಿ, ಮೊಂಡು ಸದ್ದು ಬಂದದ್ದು ಸಡಿಲ. ಟಯರ್ ಕೇಳುವಾಗ ಮಾತ್ರ 28 ಇಂಚು, ಒಂದೂವರೆ ಇಂಚು ದಪ್ಪದ್ದು ಅಂತ ಬಿಡಿಸಿ ಹೇಳಿ. ಸುಮ್ನೆ ದೊಡ್ಡ ಸೈಕಲ್ ಟಯರ್ ಅಂದರೆ 26ರದ್ದು ಕಟ್ಟಿ ಕಳಿಸುತ್ತಾರೆ, ಮತ್ತೆ ಒಂದು ಸಲ ಪೇಟೆಗೆ ಹೋಗಬೇಕಾಗುತ್ತದೆ.