ಜಮಖಾನೆಯಿಂದ ಏಳಲಾಗದ ಭಯ: 73ರ ಹಿರಿಯರೊಬ್ಬರ ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಊರು, ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

ಮಗ ಕರೆತಂದಾಗ ಹೇಳಿದ್ದು ಇಷ್ಟು: "ಅಮ್ಮ ಯಾರ ಜೊತೆಗೂ ಮಾತಾಡ್ತಿಲ್ಲ. ಊಟ ಕಮ್ಮಿ. ದೇವಸ್ಥಾನಕ್ಕೆ ಬಾ ಅಂದ್ರೂ ಬರಲ್ಲ. ಅಪ್ಪ ಹೋದ ಕೊರಗು ಇನ್ನೂ ಬಿಟ್ಟಿಲ್ಲ ಅನ್ಸತ್ತೆ." ಪತಿ ತೀರಿಕೊಂಡು ಎರಡು ವರ್ಷವಾಗಿತ್ತು.

ಕೊರಗು ಇದ್ದದ್ದು ನಿಜ. ಆದರೆ ದಿನಚರಿಯನ್ನು ಬಿಡಿಬಿಡಿಯಾಗಿ ಕೇಳುತ್ತಾ ಹೋದಾಗ ಬೇರೆಯದೇ ಎಳೆ ಸಿಕ್ಕಿತು. ಪತಿ ಹೋದ ನಂತರವೂ ಒಂದು ವರ್ಷಕ್ಕೂ ಹೆಚ್ಚು ಕಾಲ ಆಕೆ ಭಜನಾ ಮಂಡಳಿಗೆ ಹೋಗುತ್ತಿದ್ದರು, ಬೆಳಗ್ಗೆ ಬಾಗಿಲಿಗೆ ರಂಗೋಲಿ ಹಾಕುತ್ತಿದ್ದರು. ಎಲ್ಲ ನಿಂತದ್ದು 8 ತಿಂಗಳ ಹಿಂದೆ, ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ. ಮೂಳೆಗೇನೂ ಆಗಿರಲಿಲ್ಲ. ಆದರೆ ಮನೆಯಲ್ಲಿ ಯಾರೂ ಇಲ್ಲದ ಹೊತ್ತು, ಏಳಲಾಗದೆ ಅರ್ಧ ಗಂಟೆ ಒದ್ದೆ ನೆಲದ ಮೇಲೇ ಇದ್ದರು. ಆಮೇಲೆ ಮನೆಯವರು ಪ್ರೀತಿಯಿಂದಲೇ ಒಂದೊಂದಾಗಿ ಎಲ್ಲ ಕೆಲಸ ಕಿತ್ತುಕೊಂಡರು. ಹಿಟ್ಟು ಕಲಸಬೇಡಿ, ಮಹಡಿ ಹತ್ತಬೇಡಿ, ಕೂತಿರಿ. ಕೂತೇ ಇದ್ದರು. ರಾತ್ರಿ ಏಳಬೇಕಾದೀತೆಂದು ಸಂಜೆ ಐದರ ನಂತರ ನೀರು ಕುಡಿಯುವುದನ್ನೂ ಬಿಟ್ಟಿದ್ದರು.

ಎರಡನೇ ಭೇಟಿಯಲ್ಲಿ, ಮಗ ಹೊರಗಿದ್ದಾಗ, ಹೇಳಿದರು: "ಭಜನೇಲಿ ಎಲ್ಲರೂ ಜಮಖಾನೆ ಮೇಲೆ ಕೂರ್ತಾರೆ. ಮಂಗಳಾರತಿಗೆ ಎಲ್ಲರೂ ಏಳ್ತಾರೆ. ನನ್ನನ್ನ ಮಾತ್ರ ಇಬ್ಬರು ರಟ್ಟೆ ಹಿಡಿದು ಎತ್ತಬೇಕು. ಅದಕ್ಕಿಂತ ಮನೇಲಿರೋದು ವಾಸಿ."

ಈ ಮಾತಿನ ನಂತರ ಕುರ್ಚಿಯ ಪರೀಕ್ಷೆ ಮಾಡಿದೆವು. ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಹುದು ಎಂದು ಎಣಿಸುವುದು. 70ರಿಂದ 74 ವಯಸ್ಸಿನ ಹೆಂಗಸರಲ್ಲಿ 10ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಹೆಚ್ಚು ಎಂದು ಲೆಕ್ಕ. ಇವರಿಗೆ ಆದದ್ದು 5. ಹಿರಿಯರ ಖಿನ್ನತೆ ಅಳೆಯುವ 15 ಪ್ರಶ್ನೆಗಳ ಪಟ್ಟಿಯನ್ನು ಓದಿ ಹೇಳಿ ಉತ್ತರ ಕೇಳಿದಾಗ ಅಂಕ 9. 5 ದಾಟಿದರೇ ಗಮನ ಕೊಡಬೇಕು. ಒಂದು ವರ್ಷದಲ್ಲಿ ತೂಕ 58 ಕಿಲೋದಿಂದ 52ಕ್ಕೆ ಇಳಿದಿತ್ತು.

ಸಾಯುವ ಯೋಚನೆಯ ಬಗ್ಗೆ ನೇರವಾಗಿಯೇ ಕೇಳಿದೆವು. ಕೇಳಿದರೆ ಆ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. "ದೇವರು ಬೇಗ ಕರ್ಕೊಂಡ್ರೆ ಸಾಕು ಅನ್ಸತ್ತೆ, ನಾನಾಗಿ ಏನೂ ಮಾಡ್ಕೊಳಲ್ಲ" ಎಂದರು. ಹಾಗಿದ್ದರೂ ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಪ್ರತಿ ಭೇಟಿಯಲ್ಲೂ ಮತ್ತೆ ಕೇಳಿದೆವು, ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಅವರ ಫೋನಿನಲ್ಲೇ ಉಳಿಸಿಕೊಟ್ಟೆವು.

ವ್ಯಾಯಾಮಕ್ಕೆ ಮೊದಲು ವೈದ್ಯರ ತಪಾಸಣೆ. ಇದನ್ನು ಬಿಟ್ಟು ಮುಂದೆ ಹೋಗಬಾರದು, ಏಕೆಂದರೆ ಇಷ್ಟು ತೂಕ ಇಳಿಯುವುದಕ್ಕೆ ಮನಸ್ಸೊಂದೇ ಕಾರಣ ಎಂದು ಊಹಿಸಿದರೆ ಬೇರೆ ಕಾಯಿಲೆ ಕಣ್ತಪ್ಪಬಹುದು. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ವಿಟಮಿನ್ ಡಿ, ಬಿ12 ನೋಡಲಾಯಿತು. ಬಿ12 ತೀರಾ ಕಡಿಮೆಯಿತ್ತು. ಶಾಕಾಹಾರಿ, ಜೊತೆಗೆ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದವರು. ಎರಡರಿಂದಲೂ ಬಿ12 ಇಳಿಯಬಹುದು, ಹಾಗಾಗಿ ಆಶ್ಚರ್ಯವಿಲ್ಲ. ಬಿ12 ಕೊರತೆಯೊಂದೇ ಕಾಲಿನ ಬಲವನ್ನೂ ಮನಸ್ಸನ್ನೂ ಕುಗ್ಗಿಸಬಲ್ಲದು. ಇನ್ನೊಂದು ಸಂಗತಿಯೂ ಹೊರಬಂತು: ಹಳೆಯ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಿಂದ ನಿದ್ದೆಮಾತ್ರೆ ತರಿಸಿಕೊಳ್ಳುತ್ತಿದ್ದರು. ಅಂಥ ಮಾತ್ರೆ ಹಿರಿಯರಲ್ಲಿ ಕಾಲು ತಡವರಿಸುವಂತೆ ಮಾಡುತ್ತದೆ. ಆದರೆ ಥಟ್ಟನೆ ನಿಲ್ಲಿಸುವುದೂ ಅಪಾಯ. ಮನೋವೈದ್ಯರು ಅದನ್ನು ವಾರಗಳ ಮೇಲೆ ಇಳಿಸುತ್ತಾ ಬಂದರು, ಖಿನ್ನತೆಗೆ ಸಣ್ಣ ಪ್ರಮಾಣದ ಔಷಧಿ ಶುರು ಮಾಡಿದರು, ಅಂಥ ಔಷಧಿಯಿಂದ ಹಿರಿಯರಲ್ಲಿ ರಕ್ತದ ಸೋಡಿಯಂ ಇಳಿಯಬಹುದಾದ್ದರಿಂದ ಅದನ್ನು ಎರಡು ವಾರಕ್ಕೆ ಪರೀಕ್ಷಿಸಿದರು.

ಬಲಕ್ಕೂ ಮನಸ್ಸಿಗೂ ಏನು ನಂಟು ಎಂದು ಮಗ ಕೇಳಿದ್ದು ಸಹಜ. ನಂಟು ಎರಡೂ ದಿಕ್ಕಿನದು. ಮನಸ್ಸು ಕುಗ್ಗಿದರೆ ಹಸಿವು ಸಾಯುತ್ತದೆ, ಓಡಾಟ ನಿಲ್ಲುತ್ತದೆ, ತಿಂಗಳುಗಳಲ್ಲೇ ತೊಡೆಯ ಮಾಂಸ ಕರಗುತ್ತದೆ. ತೊಡೆ ಸೋತರೆ ಬೀಳುವ ಭಯ, ಭಯದಿಂದ ಮನೆಯೊಳಗೇ ಉಳಿಯುವುದು, ಒಂಟಿತನ, ಮತ್ತಷ್ಟು ಕುಗ್ಗುವಿಕೆ. ದುಡಿಯುವ ಸ್ನಾಯು ಬಿಡುಗಡೆ ಮಾಡುವ ರಾಸಾಯನಿಕಗಳು ಮೆದುಳನ್ನು ತಲುಪುತ್ತವೆ ಎಂಬ ಜೈವಿಕ ದಾರಿಯೂ ಇದೆ. ವಯಸ್ಸಾಯಿತು, ಇನ್ನೆಲ್ಲಿಯ ಬಲ ಎನ್ನುವವರಿಗೆ ಬಾಸ್ಟನ್‌ನ ಒಂದು ಅಧ್ಯಯನವನ್ನು ನೆನಪಿಸಬೇಕು: ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ 90ರ ಆಸುಪಾಸಿನವರು 8 ವಾರ ಭಾರ ಎತ್ತಿ ತೊಡೆಯ ಬಲವನ್ನು ದುಪ್ಪಟ್ಟಿಗೂ ಮೀರಿ ಹೆಚ್ಚಿಸಿಕೊಂಡರು. ಅದು ಪ್ರಕಟವಾದದ್ದು 1990ರಲ್ಲಿ. 2018ರಲ್ಲಿ ಬೇರೆಬೇರೆ ವಯಸ್ಸಿನವರ ಮೇಲಿನ 33 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಭಾರದ ವ್ಯಾಯಾಮದಿಂದ ಖಿನ್ನತೆಯ ಲಕ್ಷಣಗಳು ತಗ್ಗಿದ್ದವು. ಬಲ ಎಷ್ಟು ಹೆಚ್ಚಿತು ಎಂಬುದನ್ನು ಅದು ಅವಲಂಬಿಸಿರಲಿಲ್ಲ. ಅಂದರೆ ಕಾಲು ಗಟ್ಟಿಯಾಗುವವರೆಗೆ ಮನಸ್ಸು ಕಾಯಬೇಕಿಲ್ಲ.

"ದಿನಾ ವಾಕಿಂಗ್ ಮಾಡಿಸ್ತೀವಿ ಬಿಡಿ" ಎಂದರು ಮನೆಯವರು. ನಡಿಗೆ ಒಳ್ಳೆಯದು, ಸಾಲದು. ಸಮತಟ್ಟು ದಾರಿಯಲ್ಲಿ ನಡೆಯುವ ಕಾಲಿಗೆ ನೆಲದಿಂದ ಮೇಲೇಳುವ ಬಲ ಬರುವುದಿಲ್ಲ. ಅದಕ್ಕೆ ಏಳುವುದನ್ನೇ ಅಭ್ಯಾಸ ಮಾಡಬೇಕು.

ಫಿಸಿಯೋಥೆರಪಿಸ್ಟ್ ಜೊತೆ ಕೂತು ಹಾಕಿದ ಯೋಜನೆ ಸೋಮ, ಬುಧ, ಶುಕ್ರಕ್ಕೆ, ತಿಂಡಿ ಆದ ಒಂದು ಗಂಟೆಯ ಮೇಲೆ, 25 ನಿಮಿಷ. ಪ್ಲಾಸ್ಟಿಕ್ ಕುರ್ಚಿ ಬೇಡ, ಅದು ಬಾಗುತ್ತದೆ, ಜಾರುತ್ತದೆ. ಸುಮಾರು 18 ಇಂಚು ಎತ್ತರದ ಮರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಬೇಕು. ಆ ಎತ್ತರದಿಂದ ಕೈ ಬಿಟ್ಟು ಏಳುವುದು ಇವರಿಗೆ ಕಷ್ಟವಿದ್ದದ್ದರಿಂದ ಕಂಬಳಿಯನ್ನು ಗಟ್ಟಿಯಾಗಿ ಮಡಿಸಿ 4 ಇಂಚು ಏರಿಸಲಾಯಿತು. ಕುರ್ಚಿಯ ಅಂಚಿಗೆ ಸರಿದು, ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಉಸಿರು ಬಿಡುತ್ತಾ ಏಳಬೇಕು. ಕೂರುವಾಗ ಮೂರು ಎಣಿಸುತ್ತಾ ನಿಧಾನವಾಗಿ. ಧೊಪ್ಪನೆ ಕೂತರೆ ಅರ್ಧ ಲಾಭ ಹೋಯಿತು, ಬೆನ್ನಿಗೂ ಪೆಟ್ಟು. ಉಸಿರು ಬಿಗಿ ಹಿಡಿದರೆ ಬಿಪಿ ಏರುತ್ತದೆ. 5 ಸಲ, ಒಂದು ನಿಮಿಷ ವಿಶ್ರಾಂತಿ, ಮತ್ತೆ 5. ಮುಗಿದಾಗ ಇನ್ನೆರಡು ಮೂರು ಮಾಡಬಲ್ಲೆ ಅನ್ನಿಸಿದರೆ ಶ್ರಮ ಸರಿಯಾಗಿದೆ. ಎರಡೂ ಸುತ್ತಿನಲ್ಲಿ 12 ಸಲೀಸಾಗಿ ಆದ ದಿನ ಕಂಬಳಿಯ ಒಂದು ಮಡಿಕೆ ತೆಗೆಯುವುದು.

ಇದರ ಜೊತೆ ಗೋಡೆಗೆ ಕೈ ಊರಿ ದೂಡುವುದು 8 ಸಲ, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು 10, ಅರ್ಧ ಲೀಟರ್ ನೀರಿನ ಬಾಟಲಿಯನ್ನು ನೆಲದಿಂದಲ್ಲ, ಮೇಜಿನಿಂದ ಎತ್ತಿ ಎದೆಗೆ ತರುವುದು. ಸಮತೋಲನಕ್ಕೆ ಒಂದು ಪಾದದ ಮುಂದೆ ಇನ್ನೊಂದನ್ನು ಇಟ್ಟು ಕಟ್ಟೆ ಹಿಡಿದು 10 ಸೆಕೆಂಡು ನಿಲ್ಲುವುದು, ಇದು ದಿನವೂ. ಎದೆನೋವು, ತಲೆಸುತ್ತು, ಎಂದಿಲ್ಲದ ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ಊಟದ ಲೆಕ್ಕ ಹಾಕಿದಾಗ ದಿನಕ್ಕೆ ಪ್ರೋಟೀನ್ ಸುಮಾರು 30 ಗ್ರಾಂ ಮಾತ್ರ ಸೇರುತ್ತಿತ್ತು. ಕಾಫಿ, ಎರಡು ಇಡ್ಲಿ, ತಿಳಿಸಾರು ಅನ್ನ, ರಾತ್ರಿ ನೀರುಮಜ್ಜಿಗೆ ಅನ್ನ. ಕಿಡ್ನಿ ಸರಿಯಿರುವ ಹಿರಿಯರಿಗೆ ತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಬೇಕು, ಅಂದರೆ ಇವರಿಗೆ 52ರಿಂದ 62 ಗ್ರಾಂ. ಹೊಸ ಅಡುಗೆ ಬೇಡವೆಂದೇ ತೀರ್ಮಾನಿಸಿದೆವು. ಹಾಲಲ್ಲಿ ಕಾಯಿಸಿದ ರಾಗಿ ಗಂಜಿ, ತಿಳಿಯ ಬದಲು ಕಟ್ಟು ಬಗ್ಗಿಸದ ಗಟ್ಟಿ ತೊವ್ವೆ, ಒಂದು ಹಿಡಿ ಹೆಸರುಕಾಳಿನ ಉಸಲಿ, ಎರಡು ಬಟ್ಟಲು ಗಟ್ಟಿ ಮೊಸರು. ಹಲ್ಲು ಸರಿಯಿಲ್ಲದ್ದರಿಂದ ಕಡಲೆಬೀಜ ಚಟ್ನಿಪುಡಿಯ ರೂಪದಲ್ಲಿ. ಇಷ್ಟಕ್ಕೇ ಲೆಕ್ಕ 50ರ ಹತ್ತಿರ ಬಂತು, ವಾರಕ್ಕೆರಡು ಸಲ ಪನೀರ್ ಸೇರಿತು.

ಮಾತಿನ ಭಾಗದಲ್ಲಿ, ಆಕೆ ಬಿಟ್ಟುಬಿಟ್ಟ ಕೆಲಸಗಳ ಪಟ್ಟಿ ಮಾಡಿ ಯಾವುದಕ್ಕೆ ಎಷ್ಟು ಕಾಲ್ಬಲ ಬೇಕೋ ಆ ಕ್ರಮದಲ್ಲಿ ಜೋಡಿಸಿದೆವು. ಮೊಮ್ಮಗಳ ಜಡೆ ಹಾಕುವುದು ಕೂತೇ ಆಗುತ್ತದೆ, ಅದು ಮೊದಲ ವಾರಕ್ಕೆ. ಹಪ್ಪಳ ಒಣಗಿಸಲು ಮಹಡಿ ಹತ್ತುವುದು ಐದನೇ ವಾರಕ್ಕೆ. ರಂಗೋಲಿ, ಭಜನೆ ಕೊನೆಗೆ. "ನಾನು ಇವರಿಗೆಲ್ಲ ಭಾರ" ಎಂಬ ಮಾತನ್ನು ತಳ್ಳಿಹಾಕಲಿಲ್ಲ. ಇಂದು ನಿಮ್ಮಿಂದ ಯಾರಿಗೆ ಏನು ಆಯಿತು ಎಂದು ರಾತ್ರಿ ಒಂದು ಸಾಲು ಬರೆಯಲು ಹೇಳಿದೆವು. ನಾಲ್ಕನೇ ಭೇಟಿ ಪೂರ್ತಿ ಪತಿಯ ಮಾತಿಗೇ ಮೀಸಲಾಯಿತು. ಆಕೆ ಅತ್ತರು. ಆ ದಿನ ಕುರ್ಚಿಯ ಸುದ್ದಿ ಎತ್ತಲಿಲ್ಲ.

ಮೂರನೇ ವಾರ ಎಡವಿತು. ಬೇಗ ಗುಣವಾಗಲೆಂದು ಮಗ ದಿನವೂ ಮಾಡಿಸಿದರು. ಮಂಡಿ ಊದಿತು, ಆರು ದಿನ ಎಲ್ಲವೂ ನಿಂತಿತು, "ನನ್ನಿಂದ ಏನೂ ಆಗಲ್ಲ" ಎಂಬ ಮಾತು ಮರಳಿತು. ಸ್ನಾಯು ಚೇತರಿಸಿಕೊಳ್ಳುವುದು ಬಿಡುವಿನ ದಿನದಲ್ಲೇ ಎಂಬುದನ್ನು ಮೊದಲೇ ಒತ್ತಿ ಹೇಳಬೇಕಿತ್ತು. ಅರ್ಧ ಎಣಿಕೆಯಿಂದ ಮತ್ತೆ ಶುರುವಾಯಿತು. ಮಾಡುವಾಗಿನ ನೋವು ಹತ್ತಕ್ಕೆ ಮೂರರೊಳಗಿದ್ದು ಮರುದಿನ ಬೆಳಗ್ಗೆಗೆ ಹೋದರೆ ಮುಂದುವರಿಸಬಹುದು, ಉಳಿದರೆ ಎಣಿಕೆ ತಗ್ಗಿಸಬೇಕು ಎಂದು ಹೇಳಿಕೊಟ್ಟೆವು. ಸೊಸೆ ಪಕ್ಕದಲ್ಲಿ ನಿಂತು ಎಣಿಸುವುದು ಆಕೆಗೆ ಶಾಲೆಯ ಮಗುವನ್ನು ನಡೆಸಿಕೊಂಡಂತೆ ಅನ್ನಿಸುತ್ತಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ತಾವೇ ಎಣಿಕೆ ಗುರುತು ಹಾಕತೊಡಗಿದ ಮೇಲೆ ಒಂದು ದಿನವೂ ತಪ್ಪಿಸಲಿಲ್ಲ.

ಎಂಟನೇ ವಾರದಿಂದ ನೆಲ. ಮಂಚದ ಪಕ್ಕ ಚಾಪೆ ಹಾಸಿ, ಫಿಸಿಯೋ ಎದುರಿಗೆ ಮಾತ್ರ. ಒಂದು ಪಕ್ಕಕ್ಕೆ ವಾಲಿ ಕೈ ಮತ್ತು ಮಂಡಿಗಳನ್ನು ನೆಲಕ್ಕೆ ಊರುವುದು, ಎರಡೂ ಕೈ ಮಂಚದ ಮೇಲೆ, ಬಲವಿರುವ ಕಾಲಿನ ಪಾದ ಮುಂದೆ ಊರುವುದು, ತಳ್ಳಿ ಏಳುವುದು. ಮಂಡಿಯ ಕೆಳಗೆ ದಿಂಬು. ಮೊದಲ ಸಲ ಒಬ್ಬರೇ ಎದ್ದ ದಿನ ಮಂಚದ ಮೇಲೆ ಕೂತು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಇನ್ನೊಂದು ಸಲ ನೋಡೋಣ ಎಂದರು.

12 ವಾರಕ್ಕೆ ಕುರ್ಚಿ ಪರೀಕ್ಷೆ 9, ಖಿನ್ನತೆಯ ಅಂಕ 4, ತೂಕ 53. ಔಷಧಿ, ಬಿ12, ಊಟ, ವ್ಯಾಯಾಮ, ಮಾತು, ಇವುಗಳಲ್ಲಿ ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳಲಾಗದು, ಹಾಗಾಗಿ ಯಾವುದನ್ನೂ ಬಿಡಬೇಡಿ ಎಂದೆವು. ನಡುರಾತ್ರಿ ಎಚ್ಚರವಾಗುವುದು ಇನ್ನೂ ಇದೆ. ಭಜನೆಯಲ್ಲಿ ಮೊದಮೊದಲು ಕುರ್ಚಿಯಲ್ಲಿ ಕೂತರು. ಹದಿನಾಲ್ಕನೇ ವಾರ ಕಂಬದ ಪಕ್ಕ ಜಮಖಾನೆಯ ಮೇಲೆ ಕೂತು, ಕಂಬ ಹಿಡಿದು ಎದ್ದು, ಮಂಗಳಾರತಿ ತಗೊಂಡರು.

ಮಗನಿಗೆ ಕೊಟ್ಟ ಕೊನೆಯ ಸೂಚನೆ: ಜ್ವರ, ಊರು, ಹಬ್ಬ ಎಂದು ಒಂದೆರಡು ವಾರ ತಪ್ಪಿಯೇ ತಪ್ಪುತ್ತದೆ. ಆಗ ಬಿಟ್ಟಲ್ಲಿಂದ ಶುರು ಮಾಡಿಸಬೇಡಿ. ಕಂಬಳಿಯ ಒಂದು ಮಡಿಕೆ ಮತ್ತೆ ಹಾಕಿ, 5ರಿಂದ ಎಣಿಸಲಿ, ಕ್ಯಾಲೆಂಡರಿನಲ್ಲಿ ಗುರುತು ಅವರೇ ಹಾಕಲಿ.